ನಾತಾಳದ ಗಾನವೂ ನೆರೆಹೊರೆಯ ಧರ್ಮವೂ

ಡಿಸೆಂಬರ ತಿಂಗಳು ಕೊನೆಯಾಗುತ್ತ ಬಂದಿತೆಂದರೆ ಮುರ್ಡೇಶ್ವರದಿಂದ ಹೊನ್ನಾವರ, ಕುಮಟೆಗಳವರೆಗಿನ ನಮ್ಮ ಕರಾವಳಿಯಲ್ಲಿ ಕ್ರೈಸ್ತ ಬಾಂಧವರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಬೆಳಗುವವು. ಸಂಜೆಯಾಗುತ್ತಲೆ ತರುಣರೂ ಮಕ್ಕಳೂ ಗುಂಪುಗೂಡಿ ಮನೆಮನೆಗೆ ಹೋಗಿ ಬಾಲಯೇಸುವಿನ ಜನನದ ಹಾಡುಗಳನ್ನು ಹಾಡುವರು. ಇಗರ್ಜಿಯ ಅಂಗಳಗಳಲ್ಲಿ ಅದೇ ಗೀತಗಳ ಗೋಷ್ಠಿಗಳೂ ನಡೆಯುವವು. ಇದು ಒಂದು ಮತದವರ ಮನೆಯ ಸಂಭ್ರಮವೆಂದು ಉಳಿದವರು ದೂರದಿಂದ ನೋಡಿ ಸುಮ್ಮನಾಗುವದು ವಾಡಿಕೆ. ಹಾಗೆ ಸುಮ್ಮನಿದ್ದರೆ ಸಾಲದು, ಹೋಗಿ ಕುಳಿತು ಕೇಳಬೇಕು ಎಂಬದೇ ವಾಚಕ ಮಹಾಶಯರಲ್ಲಿ ನಮ್ಮ ಇಂದಿನ ವಿಜ್ಞಾಪನೆ.

ಈ ಸಲ ನಾವು ಕೆಲವು ಮಿತ್ರರೊಡನೆ ಹೊನ್ನಾವರ ಸೀಮೆಯ ಅಂಥದೊಂದು ಗೋಷ್ಠಿಗೆ ಹೋಗಿದ್ದೆವು. ಸಂಗಡ ಬಂದವರಲ್ಲಿ ಒಬ್ಬರು ನಿವೃತ್ತ ತಹಶೀಲದಾರರು, ಒಬ್ಬರು ಯಕ್ಷಗಾನದ ಭಾಗವತಿಕೆ ಬಲ್ಲವರು, ಇನ್ನೊಬ್ಬರು ಭಟ್ಕಳದ ನವಾಯತ ವ್ಯಾಪಾರಸ್ಥರು. ಕೊಂಕಣಿ, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲಿಯೂ ಹಾಡುಗಳಾದವು. ನಮ್ಮ ಸಂಗೀತವು ಒಂದೇ ರಾಗಧಾರೆಯನ್ನು ಹಿಡಿದು ಸಾಗುವದು. ಅಲ್ಲಿಯೋ ಹೆಂಗಸರ ಏರುಸ್ವರ, ಗಂಡಸರ ಮಂದ್ರಸ್ವರಗಳು ಒಂದೇ ಕಾಲಕ್ಕೆ ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ನಾದವಾಗಿ ಕೂಡುವವು. ಭಾಗವತ ಮಿತ್ರರು ಮೊದಲು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವರು, ಮೂರನೆಯ ಹಾಡಿಗೆ ತೊಡೆಯ ಮೇಲೆ ತಾಳ ಹಾಕತೊಡಗಿದರು. ಗೋಷ್ಠಿ ಮುಗಿದ ಮೇಲೆ ಕುಸ್ವಾರದ ತಟ್ಟೆಗಳು ಬಂದವು. ಅದರಲ್ಲಿದ್ದ ನೆವರಿಯು ನಮ್ಮ ಚೌತಿಯ ಕರ್ಜಿಕಾಯಿಯೇ ಹೊರತು ಬೇರೆಯಲ್ಲ.

ಇದೆಲ್ಲ ಪರಕೀಯರ ಆಚಾರವಲ್ಲವೇ ಎಂದು ಕೆಲವರು ಆಕ್ಷೇಪಿಸುವದುಂಟು. ಸ್ವದೇಶಾಭಿಮಾನದಲ್ಲಿ ನಾವು ಯಾರಿಗೂ ಹಿಂದಾದವರಲ್ಲ. ಆದುದರಿಂದಲೇ ಈ ಆಕ್ಷೇಪವನ್ನು ಸ್ವಲ್ಪ ವಿವೇಚಿಸತಕ್ಕದ್ದೆಂದು ತೋರುತ್ತದೆ. ನಮ್ಮ ದೇವಾಲಯಗಳಲ್ಲಿ ಭಜನೆಗೆ ಶ್ರುತಿಗೂಡಿಸುವ ಹಾರ್ಮೋನಿಯಮ್ಮು 19ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ರೂಪುಗೊಂಡ ವಾದ್ಯ. ಶಾಲೆಶಾಲೆಗಳಲ್ಲಿ ಮಕ್ಕಳು ಕೈಮುಗಿದು ಹಾಡುವ 'ಕರುಣಾಳು ಬಾ ಬೆಳಕೆ' ಎಂಬ ಪ್ರಾರ್ಥನೆಯು, ಇಂಗ್ಲಂಡದ ಪಾದ್ರಿ ನ್ಯೂಮನ್ನರು 1833ರಲ್ಲಿ ರಚಿಸಿದ ಗೀತವನ್ನು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಿಸಿದ್ದು. ಕನ್ನಡದ ಬಾಯಿಗೆ ಬಂದ ಮೇಲೆ ಅದು ಕನ್ನಡದ್ದೇ ಆಯಿತು. ಕಿಟೆಲರು 1894ರಲ್ಲಿ ಪ್ರಕಟವಾದ ಮಹಾನಿಘಂಟಿಗಿಂತ ಎಷ್ಟೋ ಮೊದಲೇ, 1862ರಲ್ಲಿ, 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ದೇಶದ ಛಂದೋಮಾರ್ಗದಲ್ಲಿಯೇ ನಿರೂಪಿಸಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೂ ಬಾಸೆಲ್ ಮಿಶನ್ನಿನ ಮೋಗ್ಲಿಂಗರೇ. ಪತ್ರಿಕಾ ವ್ಯವಸಾಯದಲ್ಲಿರುವ ನಾವು ಈ ಋಣವನ್ನು ಮರೆಯುವದು ನ್ಯಾಯವಲ್ಲ.

ನಮ್ಮ ಜಿಲ್ಲೆಯ ಕಥೋಲಿಕ ಕ್ರೈಸ್ತರಲ್ಲಿ ಬಹುಜನರ ಮನೆಮಾತಾದ ಕೊಂಕಣಿಯೇ ಸಾರಸ್ವತ ಹಿಂದೂ ಮನೆಗಳ ಮಾತು ಕೂಡ. ಆ ಭಾಷೆ ಇಲ್ಲಿ ಕನ್ನಡ ಲಿಪಿಯಲ್ಲಿ ಬಾಳಿಕೊಂಡು ಬಂದಿದೆ; ಮಂಗಳೂರಿನಲ್ಲಿ 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಪತ್ರಿಕೆಗಳು ಕನ್ನಡ ಅಕ್ಷರಗಳಲ್ಲಿಯೇ ಹುಟ್ಟಿದವು. 1962ರಿಂದ 1965ರ ವರೆಗೆ ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಮನ್ನಣೆ ಕೊಟ್ಟ ಮೇಲಂತೂ ಲ್ಯಾಟಿನ್ನಿನ ಸ್ಥಾನದಲ್ಲಿ ಕೊಂಕಣಿ, ಕನ್ನಡಗಳು ಕೇಳಬಂದವು. ಇನ್ನು ಮನೆಮನೆಗೆ ಹೋಗಿ ಹಾಡುವ ಪದ್ಧತಿಯು ನಮಗೆ ಹೊಸದೇ? ದೀಪಾವಳಿಯ ರಾತ್ರಿ ಆರದ ಹಣತೆ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ಹರಸುವ ಮಲೆನಾಡಿನ ಅಂಟಿಗೆ-ಪಂಟಿಗೆಯವರೂ, ಫಾಲ್ಗುಣದಲ್ಲಿ ತುರಾಯಿ ಕಟ್ಟಿ ಕುಣಿಯುತ್ತ ಬರುವ ನಮ್ಮ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಮೇಳವೂ ಮಾಡುವದು ಇದನ್ನೇ ಅಲ್ಲವೇ?

ಇಷ್ಟನ್ನು ನಾವು ಹೇಳುವದು ಕೇವಲ ವಿನೋದಕ್ಕಲ್ಲ. 2021ರ ಡಿಸೆಂಬರದಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಕೆಲವರು ಒಂದು ಶಾಲೆಗೆ ನುಗ್ಗಿ ನಾತಾಳದ ಆಚರಣೆಗೆ ಅಡ್ಡಿಮಾಡಿದರು. ಮಕ್ಕಳ ಹಬ್ಬಕ್ಕೆ ಅಂಜಿಕೆ ತರುವದು ಯಾವ ಧರ್ಮದ ರಕ್ಷಣೆಯೂ ಅಲ್ಲ. ನಮ್ಮ ಸೀಮೆಗೆ ಈ ಪಾಠ ಹೊಸದಲ್ಲ. ನೆರೆಯವರು ನೆರೆಯವರ ಅಂಗಳಕ್ಕೆ ಕಾಲಿಡಲು ಹಿಂಜರಿದರೆ ಏನಾಗುವದೆಂಬದನ್ನು 1993ರಲ್ಲಿ ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದ ಭಟ್ಕಳವು ಕಂಡುಂಡಿದೆ. 1930ರಲ್ಲಿ ಅಂಕೋಲೆಯ ದಂಡೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದವರು, ದೇವರ ಹಾಡನ್ನು ಹಾಡಲು ಪುಂಡರ ಅಪ್ಪಣೆ ಬೇಡಬೇಕಾದ ಸ್ವರಾಜ್ಯವನ್ನು ಬಯಸಿರಲಿಲ್ಲ.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ತೇರಿಗೆ, ಉರುಸಿಗೆ, ನಾತಾಳದ ಗೋಷ್ಠಿಗೆ ಅಳತೆಗೋಲು ಒಂದೇ ಇರಲಿ, ಧ್ವನಿವರ್ಧಕದ ನಿಯಮವೂ ಒಂದೇ, ಪೊಲೀಸರ ರಕ್ಷಣೆಯೂ ಒಂದೇ ಆಗಲಿ. ಕ್ರೈಸ್ತ ಬಾಂಧವರು ಕನ್ನಡದ ಹಾಡುಗಳನ್ನು ಇನ್ನೂ ಹೆಚ್ಚಿಸಿ, ಊರ ಹತ್ತು ಸಮಸ್ತರನ್ನು ಕರೆಯಲಿ. ಊರ ಮಹಾಜನರಾದರೋ ಕರೆಯೋಲೆಗಾಗಿ ಕಾಯದಿರಲಿ. ಕಾನೂನು ಗಲಭೆಯನ್ನು ತಡೆದೀತು. ಸ್ನೇಹವನ್ನು ಅದು ಬೆಳೆಸಲಾರದು. ಆ ಕೆಲಸವು ಅಂಗಳದಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಹಾಡು ಕೇಳುವ ನಾಲ್ಕು ಮಂದಿ ಗೆಳೆಯರಿಂದಲೇ ಆಗತಕ್ಕದ್ದು.