ಅಂಗೈಯ ಲಿಂಗ, ಅಂಕಪಟ್ಟಿಯ ಮಗಳು

2025ರ ಮೇ 2ರಂದು ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಯಿತು. ಅದರ ಮುಂದಿನ ಸೋಮವಾರ ಬೊಮ್ಮನಹಳ್ಳಿಯ ಭಕ್ತರೊಬ್ಬರು ಹೆಂಡತಿ ಮತ್ತು ಮಗಳೊಡನೆ ಮಠಕ್ಕೆ ಬಂದರು. ಮೂಲತಃ ತಿಪಟೂರು ಕಡೆಯವರು. ಹೊಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗಂಡ ಇಸ್ತ್ರಿ ಕೆಲಸ, ಹೆಂಡತಿ ಹೊಲಿಗೆ ಕೆಲಸ ಮಾಡುವವರು. ಆ ಊರಿನಲ್ಲಿ ರಾಗಿ ಹೊಲಗಳಿದ್ದುದನ್ನು ಕಂಡ ಹಿರಿಯರು ಈಗಲೂ ಇದ್ದಾರೆ. 2007ರಲ್ಲಿ ಅದು ಬೆಂಗಳೂರು ಮಹಾನಗರಕ್ಕೆ ಸೇರಿತು. ಹೊಲಗಳಿದ್ದಲ್ಲಿ ಬಾಡಿಗೆ ಮನೆಗಳೆದ್ದವು.

ಆ ತಂದೆ ಅಂಕಪಟ್ಟಿಯನ್ನು ನಮ್ಮ ಪಾದದ ಬಳಿ ಇಟ್ಟು, "ಬುದ್ಧೀ, ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವಳು ಇವಳೇ ಮೊದಲು" ಎಂದರು. ಮುಂದೆ ಮಾತು ಹೊರಡಲಿಲ್ಲ, ಕಣ್ಣೀರು ಬಂತು. ಸುಧಾರಿಸಿಕೊಂಡು, "ಸೈನ್ಸ್ ಕೊಡಿಸಿ ಡಾಕ್ಟರು ಮಾಡುತ್ತೇನೆ. ಕೋಚಿಂಗ್ ಇರುವ ಕಾಲೇಜು ನೋಡಿದ್ದೇನೆ. ಊರಿನ ಅರ್ಧ ಎಕರೆ ತೆಂಗಿನ ತೋಟಕ್ಕೆ ಗಿರಾಕಿಯೂ ಸಿಕ್ಕಿದ್ದಾನೆ. ತಮ್ಮ ಅಪ್ಪಣೆಯಾಗಬೇಕು" ಎಂದರು.

ಮಗಳು ಕಂಬದ ಮರೆಯಲ್ಲಿ ನಿಂತಿದ್ದಳು. ಇಂಥ ಸಮಯದಲ್ಲಿ ನಾವೂ ಎಷ್ಟೋ ವರ್ಷ ಮಕ್ಕಳನ್ನು "625ಕ್ಕೆ ಎಷ್ಟು ಬಂತು?" ಎಂದೇ ಕೇಳುತ್ತಿದ್ದೆವು, ಅದು ತಪ್ಪೆಂದು ತಡವಾಗಿ ತಿಳಿಯಿತು. ಅಂದು, "ನಿನಗೇನು ಓದಬೇಕಮ್ಮಾ?" ಎಂದೆವು. ತಾಯಿಯ ಮುಖ ನೋಡಿ, "ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್, ಬುದ್ಧೀ. ತೋಟ ಮಾರುವುದು ಬೇಡ" ಎಂದಳು. ತಂದೆಯ ಮುಖ ಬಾಡಿತು.

ಆ ತಂದೆಯನ್ನು ಗದರಿಸುವುದು ನ್ಯಾಯವಲ್ಲ. ಹಬೆಯ ಮುಂದೆ ದಿನವಿಡೀ ನಿಂತವನು, ಮಗಳು ನೆರಳಿನಲ್ಲಿ ಕುಳಿತು ಬದುಕಲಿ ಎಂದು ಆಸೆಪಟ್ಟರೆ ಅದು ಪ್ರೀತಿಯೇ. ಆದರೆ ತೋಟವನ್ನು ಅಡವಿಟ್ಟ ಪ್ರೀತಿ ಮಗುವಿನ ಹೆಗಲ ಮೇಲೆ ಸಾಲವಾಗಿ ಕೂರುತ್ತದೆ. ಅವಳು ಪುಸ್ತಕ ತೆರೆದಾಗಲೆಲ್ಲ ತೆಂಗಿನ ಮರಗಳೇ ಕಣ್ಣಿಗೆ ಬಂದಾವು.

ನಮ್ಮ ಸಂಪ್ರದಾಯವನ್ನು ನೋಡಿರಿ. ಶಿಶು ಗರ್ಭದಲ್ಲಿ ಎಂಟು ತಿಂಗಳದ್ದಾಗಿರುವಾಗಲೇ ಗುರುವು ಅದಕ್ಕೆಂದು ಲಿಂಗವನ್ನು ಅನುಗ್ರಹಿಸುತ್ತಾನೆ. ಮಗು ಬೆಳೆಯುವವರೆಗೆ ಅದನ್ನು ಕಾಪಾಡುವವಳು ತಾಯಿ. ದೀಕ್ಷೆಯಾದ ಮೇಲೆ ಆ ಮಗುವೇ ತನ್ನ ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ತಂದೆ ಎಷ್ಟೇ ಆಚಾರವಂತನಾಗಿರಲಿ, ಮಗನ ಇಷ್ಟಲಿಂಗದ ಪೂಜೆಯನ್ನು ಅವನ ಪರವಾಗಿ ಮಾಡಲಾರ. ಹಿರಿಯರು ಲಿಂಗದಲ್ಲಿ ಒಪ್ಪಿದ ಈ ಮಾತನ್ನು ವಿದ್ಯೆಯಲ್ಲಿ ಮಾತ್ರ ಒಪ್ಪಲು ನಮಗೇಕೆ ಕಷ್ಟ?

ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನೆಂಬ ಹುಡುಗ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ. ಆ ಕಾಲಕ್ಕೆ ಒಂದು ರೈತ ಕುಟುಂಬಕ್ಕೆ ಅದೇನು ಸಣ್ಣ ಮಾತೇ! 1930ರಲ್ಲಿ ಆತ ಕಾವಿ ಧರಿಸಿ ಸಿದ್ಧಗಂಗೆಯಲ್ಲಿ ನಿಂತ. ಮನೆಯ ಲೆಕ್ಕಕ್ಕೆ ಓದಿದ ಮಗ ಕೈತಪ್ಪಿದಂತೆಯೇ. ಆ ಮಗನೇ ಡಾ. ಶಿವಕುಮಾರ ಸ್ವಾಮಿಗಳಾಗಿ, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಜಾತಿಮತ ಕೇಳದೆ ಬಡಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಎಲ್ಲ ಮಕ್ಕಳೂ ಹಾಗಾಗುತ್ತಾರೆಂದು ನಾವು ಹೇಳುತ್ತಿಲ್ಲ. ಹೆತ್ತವರ ಲೆಕ್ಕಕ್ಕೆ ಸಿಗದ ದಾರಿಯೂ ಇರುತ್ತದೆ ಎನ್ನುತ್ತಿದ್ದೇವೆ, ಅಷ್ಟೆ.

ಆದರೆ ಮಗಳ ಇಚ್ಛೆಗೆ ಬಿಡುವುದೆಂದರೆ ಓದು ಬಿಡಿಸುವುದಲ್ಲ; ಇದನ್ನು ಹಳ್ಳಿಯ ಹಿರಿಯರು ಗಮನಿಸಬೇಕು. "ಹತ್ತಾಯಿತು, ಸಾಕು" ಎಂದು ಸೋದರಮಾವನ ಮನೆಗೆ ಮಾತು ಕಳುಹಿಸುವವರು ಇನ್ನೂ ಇದ್ದಾರೆ. ಹದಿನೆಂಟು ತುಂಬದ ಹೆಣ್ಣುಮಗುವಿನ ಮದುವೆ ಕಾನೂನಿಗೂ ವಿರುದ್ಧ, ಧರ್ಮಕ್ಕೂ ಹೊರತು. ಪರೀಕ್ಷೆಯಲ್ಲಿ ಬಿದ್ದ ಮಗುವನ್ನು ಮನೆಯಲ್ಲಿ ಕೂರಿಸುವುದೂ ಸಲ್ಲದು. ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ.

ಆ ತಂದೆಗೆ ನಾವು ಅಪ್ಪಣೆ ಕೊಡಲಿಲ್ಲ. ಅಂಕಪಟ್ಟಿಯನ್ನು ಮಗಳ ಕೈಗೇ ಕೊಟ್ಟು, ಪ್ರಸಾದಕ್ಕೆ ಕುಳಿತುಕೊಳ್ಳಿ ಎಂದೆವು. ಅವರು ಹೆಚ್ಚು ಮಾತಾಡದೆ ಉಂಡು ಹೋದರು. ಸ್ವಲ್ಪ ಬೇಸರವೂ ಆಗಿರಬೇಕು.

ಶ್ರಾವಣದಲ್ಲಿ ಅವರೊಬ್ಬರೇ ಬಂದಿದ್ದರು. ಮಗಳಿಗೆ ಕಾಲೇಜು ಇತ್ತಂತೆ. ಹೆಗಲ ಮೇಲಿನ ಚೀಲ ಇಳಿಸಿ, ದಾಸೋಹಕ್ಕೆಂದು ಹನ್ನೊಂದು ತೆಂಗಿನಕಾಯಿ ತೆಗೆದಿಟ್ಟರು. "ನಮ್ಮ ತೋಟದವೇ, ಬುದ್ಧೀ" ಎಂದರು.