ಮನೆಮಾತು: ಎದೆನೋವೂ ಜೀರಿಗೆ ಸೋಡವೂ

ನಾವು ವೈದ್ಯರಲ್ಲ. ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತರು. ಆದರೂ ಈ ಸಂಚಿಕೆಯಲ್ಲಿ ಹೃದಯದ ವಿಷಯವನ್ನೆತ್ತಿಕೊಳ್ಳಲು ಕಾರಣವುಂಟು. ಅದು ನಮ್ಮ ತಪ್ಪೊಪ್ಪಿಗೆಯೂ ಹೌದು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಪಕ್ಕದ ಮೇಜಿನ ಹಿರಿಯರೊಬ್ಬರು, ಎದೆಯ ನಡುವೆ ಕಲ್ಲು ಹೇರಿದಂತಾಗುತ್ತಿದೆ ಎಂದರು. ಫ್ಯಾನಿನ ಕೆಳಗೆ ಕುಳಿತಿದ್ದರೂ ಅಂಗಿ ಬೆವರಿನಿಂದ ತೊಯ್ದಿತ್ತು. ಲೋಕಲ್ ಗಾಡಿಯ ನೂಕುನುಗ್ಗಲು, ಬೆಳಿಗ್ಗೆ ತಿಂದ ವಡಾಪಾವು, ಇವೆಲ್ಲವನ್ನೂ ಲೆಕ್ಕ ಹಾಕಿ ನಾವು ‘ಗ್ಯಾಸು’ ಎಂದು ಷರಾ ಬರೆದುಬಿಟ್ಟೆವು. ಜೀರಿಗೆ ಸೋಡ ತರಿಸಿದೆವು, ಬೆನ್ನು ನೀವಿದೆವು. ಹೀಗೆ ಎರಡು ಗಂಟೆ ಕಳೆಯಿತು. ಆಸ್ಪತ್ರೆಗೆ ಒಯ್ದ ಮೇಲೆ ತಿಳಿದುದು, ಅದು ಹೃದಯಾಘಾತವೆಂದು. ಜೀವವೇನೋ ಉಳಿಯಿತು. ಆದರೆ ಇಂದು ಒಂದು ಅಂತಸ್ತು ಹತ್ತುವಷ್ಟರಲ್ಲಿ ಅವರಿಗೆ ಏದುಸಿರು.

ದೀಪಾವಳಿಗೆಂದು ಹಾಸ್ಟೆಲಿನಿಂದ ಬಂದಿದ್ದ ನಮ್ಮ ಸೋದರಳಿಯ ವೈದ್ಯ ವಿದ್ಯಾರ್ಥಿ. ಈ ಕಥೆ ಕೇಳಿ ಕೈಯಲ್ಲಿದ್ದ ಚಕ್ಕುಲಿಯನ್ನು ಕೆಳಗಿಟ್ಟ. “ಮಾಮಾ, ಸೋಡಾ ಕುಡಿಸಿ ನೀವು ಕಳದದ್ದು ಗ್ಯಾಸ್ ಅಲ್ಲ, ವ್ಯಾಳ್ಯಾ” ಎಂದ. ಅಂದು ನಾವೇ ಅವನ ಶಿಷ್ಯರಾದೆವು.

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಕೊಬ್ಬು ಕಟ್ಟಿ ಕಿರಿದಾದಾಗ, ನಡೆದರೆ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ನಿಂತರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಇದು ಆಂಜೈನಾ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿಯೇ ಇದನ್ನು ವರ್ಣಿಸಿದ್ದರಂತೆ. ಆ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಹೃದಯಾಘಾತ. ಆಗ ವಿಶ್ರಾಂತಿಯಿಂದಲೂ ನೋವು ಇಳಿಯದು. ಎಡತೋಳು, ದವಡೆ, ಬೆನ್ನಿಗೂ ಹಬ್ಬಬಹುದು. ಬೆವರು, ವಾಕರಿಕೆ, ಉಬ್ಬಸ ಜೊತೆಗೂಡಬಹುದು. ರಕ್ತ ಕಾಣದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ.

“ಹೆಂಗಸರಿಗೂ ಹೀಗೆಯೇ?” ಎಂದು ಒಳಗಿನಿಂದ ನಮ್ಮ ಮನೆಯವರ ಪ್ರಶ್ನೆ ಬಂತು. ಅವರಿಗೂ ಎದೆನೋವೇ ಮುಖ್ಯ ಲಕ್ಷಣವಂತೆ. ಆದರೆ ಹೆಂಗಸರು, ವೃದ್ಧರು, ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ನೋವೇ ಇರದೆ ಬರಿಯ ಸುಸ್ತು, ಉಬ್ಬಸ, ಬೆವರು ಮಾತ್ರ ಕಾಣಿಸೀತು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ ಎಂದ.

ಇನ್ನೊಂದು ಎಡವು ಇ.ಸಿ.ಜಿ.ಯದು. ರೋಗಿ ಬಂದ 10 ನಿಮಿಷಗಳೊಳಗೆ ಅದನ್ನು ತೆಗೆಯಬೇಕು. ಆದರೆ ಮೊದಲನೆಯದು ಸರಿಯಾಗಿದ್ದ ಮಾತ್ರಕ್ಕೆ ಮನೆಗೆ ಕಳುಹಿಸುವಂತಿಲ್ಲ. ನೋವಿದ್ದರೆ ಮತ್ತೆ ತೆಗೆಯಬೇಕು. ರಕ್ತದಲ್ಲಿ ಟ್ರೋಪೊನಿನ್ ಪರೀಕ್ಷಿಸಬೇಕು. ನಾಳ ಪೂರ್ತಿ ಮುಚ್ಚಿದ್ದರೆ, ಸಾಧ್ಯವಾದಲ್ಲಿ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಮಾಡಿ ಅದನ್ನು ತೆರೆಯುತ್ತಾರೆ. ಜ್ಯೂರಿಕ್ಕಿನಲ್ಲಿ ಗ್ರುಂಟ್ಸಿಗ್ 1977ರಲ್ಲಿ ಹೃದಯದ ನಾಳಕ್ಕೆ ಮೊದಲು ಮಾಡಿ ತೋರಿಸಿದ ವಿದ್ಯೆ ಇದು. ಅಷ್ಟರೊಳಗೆ ಆಗದಿದ್ದರೆ ಹೆಪ್ಪು ಕರಗಿಸುವ ಔಷಧಿಯನ್ನು ತಡಮಾಡದೆ ಕೊಡಬೇಕು. ನೋವು ಆರಂಭವಾಗಿ 12 ಗಂಟೆ ಕಳೆದ ಮೇಲೆ ಅದರ ಪ್ರಯೋಜನ ಬಲು ಕಡಿಮೆ.

ನಮ್ಮಂಥ ಗುಮಾಸ್ತರ ಕೆಲಸ ಇದಕ್ಕಿಂತ ಸುಲಭ. ರೋಗಿಯನ್ನು ನಡೆಸಬಾರದು, ಮೆಟ್ಟಿಲು ಹತ್ತಿಸಬಾರದು. ಕೂಡಲೇ 108ಕ್ಕೆ ಫೋನು ಮಾಡಬೇಕು. ಆಸ್ಪಿರಿನ್ ಒಗ್ಗದವರಲ್ಲದಿದ್ದರೆ, ರಕ್ತಸ್ರಾವದ ತೊಂದರೆಯೂ ಇಲ್ಲದಿದ್ದರೆ, ವೈದ್ಯರನ್ನು ಫೋನಿನಲ್ಲಿ ಕೇಳಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ಎಚ್ಚರ ತಪ್ಪಿ ಉಸಿರು ನಿಂತರೆ, ನೆರವು ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು.

ಆ ಹಿರಿಯರು ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ನಮ್ಮನ್ನು ಒಂದು ಮಾತೂ ಆಡಿದವರಲ್ಲ. ಅವರ ಡಬ್ಬಿಯ ಚೀಲವನ್ನು ಮೆಟ್ಟಿಲ ಮೇಲೆ ನಾವು ಹೊತ್ತು ತರುತ್ತೇವೆ; ನಮ್ಮಿಂದ ಈಗ ಆಗುವುದು ಅಷ್ಟೆ.

ಊರು ಬಿಟ್ಟು ಬಂದ ನಮಗೆ ಕಷ್ಟಕಾಲದಲ್ಲಿ ನೆರೆಯವರೇ ಬಂಧುಗಳು. ಆದುದರಿಂದ ನಮ್ಮ ಬಿನ್ನಹವಿಷ್ಟು: ಎದೆನೋವಿಗೆ ನೀವು ಷರಾ ಬರೆಯಬೇಡಿರಿ. ಗ್ಯಾಸೇ ಆಗಿದ್ದರೆ ವೈದ್ಯರು ನಕ್ಕು ಮನೆಗೆ ಕಳುಹಿಸಲಿ.