ಕಾಗದ ಅಸಲಿಯೇ ಎಂದು ಕೇಳುವವರು ಯಾರು?

2016ರ ನವೆಂಬರ್ 10ರಂದು ಹೊಸ 2,000 ರೂಪಾಯಿ ನೋಟು ಬ್ಯಾಂಕಿನ ಕೌಂಟರುಗಳಿಂದ ಜನರ ಕೈಗೆ ಬಂತು. ಅದಾಗಿ ಎರಡು ಮೂರು ದಿನಗಳಲ್ಲೇ ಚಿಕ್ಕಮಗಳೂರಿನ ಎಪಿಎಂಸಿ ಮಾರುಕಟ್ಟೆಯಲ್ಲಿ ಈರುಳ್ಳಿ ಮಾರುತ್ತಿದ್ದವರೊಬ್ಬರಿಗೆ ಗಿರಾಕಿಯೊಬ್ಬ ಆ ನೋಟಿನ ಕಲರ್ ಜೆರಾಕ್ಸ್ ಕೊಟ್ಟು ಹೋಗಿದ್ದ. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೆಚ್ಚಿನವರು ನಕ್ಕು ಮರೆತರು.

ನಗುವ ಮೊದಲು ಆ ನೋಟಿನಲ್ಲಿ ಏನೇನಿತ್ತು ಎಂದು ನೆನೆಯಬೇಕು. ಬೆಳಕಿಗೆ ಹಿಡಿದರೆ ಕಾಣುವ ಗಾಂಧೀಜಿಯ ನೀರುಗುರುತು, ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ಎಳೆ, ಹಾಗೆಯೇ ಬಣ್ಣ ಬದಲಿಸುವ ಅಂಕಿ, ಬೆರಳಿಗೆ ತಾಗುವ ಉಬ್ಬು ಮುದ್ರಣ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳು. ಆ ನೋಟುಗಳು ಅಚ್ಚಾದ ಮೈಸೂರಿನ ಮುದ್ರಣಾಲಯದಿಂದ ಚಿಕ್ಕಮಗಳೂರಿನ ಮಾರುಕಟ್ಟೆಗೆ ಕೆಲವೇ ತಾಸಿನ ದಾರಿ. ಇಷ್ಟೆಲ್ಲ ರಕ್ಷಣೆಯನ್ನು ಅಂಗಡಿಯ ಜೆರಾಕ್ಸ್ ಯಂತ್ರದ ಸಾಮಾನ್ಯ ಟೋನರ್ ಸೋಲಿಸಿತೇ? ಇಲ್ಲ. ನಕಲು ಮಾಡಿದವನು ಒಂದು ಲಕ್ಷಣವನ್ನೂ ಭೇದಿಸಲಿಲ್ಲ, ಭೇದಿಸುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಅಸಲಿ ನೋಟು ಹೇಗಿರುತ್ತದೆ ಎಂಬುದು ಆ ವಾರ ಮಾರುಕಟ್ಟೆಯಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ, ಅಷ್ಟೇ.

ದಾಖಲೆಗಳ ಭದ್ರತೆಯ ಮಾತು ಬಂದಾಗಲೆಲ್ಲ ಚರ್ಚೆ ಶಾಯಿ, ಟೋನರ್, ಕಾಗದಗಳ ಸುತ್ತ ತಿರುಗುತ್ತದೆ. ಅಂಕಪಟ್ಟಿಗೆ ಹೊಸ ಹೊಲೋಗ್ರಾಂ, ಪ್ರಮಾಣಪತ್ರಕ್ಕೆ ಅತಿನೇರಳೆ ಬೆಳಕಿನಲ್ಲಿ ಮಾತ್ರ ಹೊಳೆಯುವ ಟೋನರ್, ಚೆಕ್ಕಿಗೆ ಹೊಸ ನಮೂನೆ. ಇವೆಲ್ಲ ಬೇಕಾದವೇ. ಆದರೆ ಕಾಗದವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಅದನ್ನು ಪರೀಕ್ಷಿಸಲು ಬಾರದಿದ್ದರೆ, ಅಥವಾ ಪರೀಕ್ಷಿಸುವುದು ಯಾರ ಕೆಲಸವೂ ಅಲ್ಲದಿದ್ದರೆ, ಆ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಟೋನರ್ ಎಂಬುದು ಶಾಯಿಯಲ್ಲ, ಬಣ್ಣ ಬೆರೆತ ಪ್ಲಾಸ್ಟಿಕ್‌ನ ನಯವಾದ ಪುಡಿ. ಲೇಸರ್ ಪ್ರಿಂಟರಿನೊಳಗೆ ಸ್ಥಿರ ವಿದ್ಯುತ್ತಿನ ಸೆಳೆತದಿಂದ ಈ ಪುಡಿ ಅಕ್ಷರದ ಆಕಾರದಲ್ಲಿ ಕೂರುತ್ತದೆ. ಆಮೇಲೆ ಬಿಸಿ ಉರುಳೆಯ ಕೆಳಗೆ ಕರಗಿ ಕಾಗದಕ್ಕೆ ಅಂಟುತ್ತದೆ. ಪೆನ್ನಿನ ಶಾಯಿ ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಟೋನರ್ ಬಹುಮಟ್ಟಿಗೆ ಮೇಲ್ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಅದನ್ನು ಕೆರೆದು ತೆಗೆಯಬಹುದು, ಕೆಲವೊಮ್ಮೆ ಅಂಟುಪಟ್ಟಿಯಿಂದಲೇ ಎಬ್ಬಿಸಬಹುದು. ನಾಲ್ಕು ಸಾವಿರವನ್ನು ನಲವತ್ತು ಸಾವಿರ ಮಾಡುವವನಿಗೆ ಇದು ಅನುಕೂಲ. ವಿಶೇಷ ಟೋನರ್‌ಗಳು ಹುಟ್ಟಿದ್ದು ಈ ದೌರ್ಬಲ್ಯದಿಂದ. ಒಂದು ಬಗೆಯಲ್ಲಿ ಬಣ್ಣವೊಂದು ಕಾಗದದೊಳಕ್ಕೆ ಇಳಿದು, ಮೇಲಿನ ಅಕ್ಷರ ಕೆರೆದರೂ ಕಲೆ ಉಳಿಸುತ್ತದೆ. ಇನ್ನೊಂದು ಬಗೆಯಲ್ಲಿ ರಾಸಾಯನಿಕ ತಾಗಿಸಿದರೆ ಅಕ್ಷರದ ಸುತ್ತ ಕೆಂಪು ಹರಡುತ್ತದೆ. ಮತ್ತೊಂದು ಮಾಮೂಲಿ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಇವುಗಳಲ್ಲಿ ಎಲ್ಲರ ಮನೆಯಲ್ಲೂ ಇರುವಂಥದ್ದು ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯ ವಿಚಿತ್ರ ಅಂಕಿಗಳು. ಅವು ಅಚ್ಚಾಗುವುದು ಕಬ್ಬಿಣದ ಆಕ್ಸೈಡ್ ಬೆರೆಸಿದ ಕಾಂತೀಯ ಶಾಯಿ ಅಥವಾ ಟೋನರ್‌ನಿಂದ. ಚೆಕ್ಕಿನ ಸಂಖ್ಯೆಯ ನಂತರ ಬರುವ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರನ್ನು, ನಡುವಿನ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಹೇಳುತ್ತವೆ. ಯಂತ್ರ ಆ ಅಂಕಿಗಳನ್ನು ಅವುಗಳ ಕಾಂತಶಕ್ತಿಯಿಂದ ಓದುತ್ತದೆ. ಮಾಮೂಲಿ ಟೋನರ್‌ನಲ್ಲಿ ಅಚ್ಚು ಹಾಕಿದ ಅಂಕಿ ಕಣ್ಣಿಗೆ ಎಷ್ಟೇ ಅಸಲಿಯಾಗಿ ಕಂಡರೂ ಯಂತ್ರದ ಕಾಂತೀಯ ಓದಿಗೆ ಸಿಗಬೇಕಾದ ಗುರುತು ಅದರಲ್ಲಿಲ್ಲ. ಈ ಟೋನರ್ ಇಷ್ಟು ವರ್ಷ ಉಪಯೋಗಕ್ಕೆ ಬಂದಿದ್ದರೆ ಅದರ ಶ್ರೇಯಸ್ಸು ಕಬ್ಬಿಣದ ಪುಡಿಗೆ ಮಾತ್ರ ಸೇರಿದ್ದಲ್ಲ. ಕ್ಲಿಯರಿಂಗಿಗೆ ಬರುವ ಚೆಕ್ಕು ಯಂತ್ರದ ಮುಂದೆ ಹಾಯಲೇಬೇಕು. ಅಲ್ಲಿ ಪರೀಕ್ಷೆ ಯಾರ ಮರ್ಜಿಗೂ ಬಿಟ್ಟದ್ದಲ್ಲ, ಅದು ಕೆಲಸದ ಒಂದು ಹಂತವೇ ಆಗಿದೆ.

ಚೆಕ್ಕಿನ ಉಳಿದ ಲಕ್ಷಣಗಳ ಕತೆ ಬೇರೆ. ರಿಸರ್ವ್ ಬ್ಯಾಂಕ್ ತಂದ ಸಿಟಿಎಸ್-2010 ನಮೂನೆಯ ಚೆಕ್ಕಿನಲ್ಲಿ ಬೆಳಕಿಗೆ ಹಿಡಿದರೆ ಕಾಣುವ 'ಸಿಟಿಎಸ್ ಇಂಡಿಯಾ' ಎಂಬ ನೀರುಗುರುತಿದೆ. ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಬ್ಯಾಂಕಿನ ಲಾಂಛನವಿದೆ. ಜೆರಾಕ್ಸ್ ಮಾಡಿದರೆ 'ಕಾಪಿ' ಅಥವಾ 'ವಾಯ್ಡ್' ಎಂಬ ಪದ ಎದ್ದು ಬರುವ ಚುಕ್ಕಿಗಳ ಹಿನ್ನೆಲೆಯಿದೆ. ಆದರೆ ಈಗ ಕ್ಲಿಯರಿಂಗಿನಲ್ಲಿ ಕಾಗದದ ಚೆಕ್ಕು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಪ್ರಯಾಣ ಮಾಡುವುದಿಲ್ಲ. ಅದರ ಚಿತ್ರ ಮತ್ತು ಅಂಕಿಗಳು ಮಾತ್ರ ಹೋಗುತ್ತವೆ. ಹಣ ಕೊಡಬೇಕಾದ ಬ್ಯಾಂಕಿಗೆ ನೀರುಗುರುತು ನೋಡುವ, ಕಾಗದ ಮುಟ್ಟುವ ಅವಕಾಶವೇ ಇಲ್ಲ. ಆ ಹೊಣೆಯೆಲ್ಲ ಚೆಕ್ಕು ತೆಗೆದುಕೊಂಡ ಶಾಖೆಯ ಕೌಂಟರಿನದು. ಅಲ್ಲಿನ ಗುಮಾಸ್ತರ ಕೈಗೆ ಅತಿನೇರಳೆ ದೀಪ ಕೊಟ್ಟು, ಅದನ್ನು ಬಳಸುವಷ್ಟು ಸಮಯವನ್ನೂ ಕೊಟ್ಟರೆ ಮಾತ್ರ ಆ ಲಾಂಛನಕ್ಕೆ ಅರ್ಥ.

ರಿಸರ್ವ್ ಬ್ಯಾಂಕಿಗೂ ಇದರ ಅರಿವಿದೆ ಎನ್ನಬೇಕು. 2021ರ ಜನವರಿ 1ರಿಂದ ಜಾರಿಗೆ ಬಂದ 'ಪಾಸಿಟಿವ್ ಪೇ' ವ್ಯವಸ್ಥೆ 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ. ಚೆಕ್ಕು ಬರೆದವರು ದಿನಾಂಕ, ಹೆಸರು, ಮೊತ್ತಗಳನ್ನು ತಮ್ಮ ಬ್ಯಾಂಕಿಗೆ ಪ್ರತ್ಯೇಕವಾಗಿ ತಿಳಿಸುತ್ತಾರೆ. ಚೆಕ್ಕು ಬಂದಾಗ ಎರಡನ್ನೂ ತಾಳೆ ನೋಡಲಾಗುತ್ತದೆ. ನೀರುಗುರುತು, ಅದೃಶ್ಯ ಲಾಂಛನ, ಕಾಂತೀಯ ಅಂಕಿ ಎಲ್ಲ ಇದ್ದೂ ಕಡೆಗೆ ಬ್ಯಾಂಕು ಮಾಡುತ್ತಿರುವುದು ಹಳ್ಳಿಯ ಸಾಹುಕಾರ ಮಾಡುತ್ತಿದ್ದ ಕೆಲಸವನ್ನೇ: 'ಈ ಚೀಟಿ ನೀವೇ ಬರೆದದ್ದಾ?' ಎಂದು ಬರೆದವರನ್ನೇ ಕೇಳುವುದು.

ಕೇಳದೆ ಇದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕಕ್ಕೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣ ಈ ನಾಡಿನದೇ ಪಾಠ. ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್, ಅಂದರೆ ಸರ್ಕಾರವೇ ಛಾಪಾ ಕಾಗದ ಅಚ್ಚು ಹಾಕಿಸುವ ಮುದ್ರಣಾಲಯ, ಬಳಕೆಯಿಂದ ತೆಗೆದ ಯಂತ್ರಗಳು ತೆಲಗಿಯ ಕೈ ಸೇರಿದ್ದು ತನಿಖೆಯಲ್ಲಿ ಹೊರಬಂತು. ಆ ಕಾಗದವನ್ನು ಕೊಂಡವರಲ್ಲಿ ಬ್ಯಾಂಕುಗಳಿದ್ದವು, ವಿಮಾ ಕಂಪನಿಗಳಿದ್ದವು, ಷೇರು ದಲ್ಲಾಳಿಗಳಿದ್ದರು. ತೆಲಗಿಯ ಬಂಧನವಾದದ್ದು 2001ರಲ್ಲಿ. 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯ 30 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಆತ ತೀರಿಕೊಂಡ.

ಅಸಲಿ ಮುದ್ರಣಾಲಯದ ಯಂತ್ರವೇ ನಕಲಿಯವನ ಕೈಗೆ ಹೋದಾಗ ಯಾವ ಶಾಯಿ ಕಾಪಾಡೀತು? ಕನ್ನಡದ ಓದುಗರಿಗೆ ಇದು ಹೊಸ ಕತೆಯೂ ಅಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕ ನಿಂತಿರುವುದೇ ಇದರ ಮೇಲೆ. ಅದೇ ಕತೆಯನ್ನು ಕೆಂಪುನಾರಾಯಣ 1823ರಲ್ಲಿ 'ಮುದ್ರಾಮಂಜೂಷ' ಎಂದು ಕನ್ನಡ ಗದ್ಯಕ್ಕೆ ತಂದ. ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಗುತ್ತದೆ. ಪತ್ರ ಕಪಟದ್ದು, ಅದರ ಮೇಲಿನ ಮುದ್ರೆ ಅಸಲಿ. ಮುದ್ರೆಯನ್ನು ನೋಡಿದವರು ಪತ್ರವನ್ನೂ ನಂಬುತ್ತಾರೆ. ಮುದ್ರೆ, ಮುದ್ರಣ, ಮುದ್ರಾಂಕ ಮೂರೂ ಒಂದೇ ಬೇರಿನ ಪದಗಳು. ಅಚ್ಚಾದದ್ದನ್ನು ಅಧಿಕೃತವೆಂದು ನಂಬುವ ಅಭ್ಯಾಸ ಆ ಪದಗಳಷ್ಟೇ ಹಳೆಯದು.

ತೆಲಗಿ ಹಗರಣದ ನಂತರ ಕರ್ನಾಟಕ ಹಳೆಯ ಛಾಪಾ ಕಾಗದದಿಂದ ಹಿಂದೆ ಸರಿದು ಫ್ರಾಂಕಿಂಗಿಗೆ, ಆಮೇಲೆ ಇ-ಸ್ಟಾಂಪಿಗೆ ಹೋಯಿತು. ಇಂದು ರಾಜಾಜಿನಗರದಲ್ಲಿ ಮನೆ ಬಾಡಿಗೆಗೆ ಹಿಡಿಯುವ ಗುಜರಾತಿ ಕುಟುಂಬಕ್ಕೂ, ವಡೋದರಾದ ಮಕರಪುರ ಕೈಗಾರಿಕಾ ವಸಾಹತಿನಲ್ಲಿ ಶೆಡ್ ಬಾಡಿಗೆಗೆ ಹಿಡಿಯುವ ಕನ್ನಡಿಗನಿಗೂ ಕೈಗೆ ಬರುವುದು ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ಒಂದೇ ಬಗೆಯ ಇ-ಸ್ಟಾಂಪ್. ಸಂಖ್ಯೆಯ ಮೊದಲಲ್ಲಿ ಇಲ್ಲಿ 'ಐಎನ್-ಕೆಎ', ಅಲ್ಲಿ 'ಐಎನ್-ಜಿಜೆ' ಎಂದಿರುತ್ತದೆ. ಈ ಪತ್ರದ ಜೀವ ಕಾಗದದಲ್ಲಿಲ್ಲ, ಆ ಸಂಖ್ಯೆಯಲ್ಲಿದೆ. ಸಂಸ್ಥೆಯ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿ, ಎಷ್ಟು ಮೊತ್ತಕ್ಕೆ ಎಂಬುದು ಸಿಗುತ್ತದೆ. ತೆಲಗಿಯ ಯಂತ್ರ ಈ ವ್ಯವಸ್ಥೆಯ ಮುಂದೆ ನಿರುಪಯೋಗಿ. ಇದು ದೊಡ್ಡ ಸುಧಾರಣೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಅದೇ ಇ-ಸ್ಟಾಂಪಿನ ಅಡಿಯಲ್ಲಿ ಸಣ್ಣ ಅಕ್ಷರಗಳ ಎಚ್ಚರಿಕೆಯೊಂದಿದೆ. ಪತ್ರದ ಅಸಲಿತನವನ್ನು ಜಾಲತಾಣದಲ್ಲಿ ಪರಿಶೀಲಿಸಬೇಕು, ವಿವರಗಳಲ್ಲಿ ವ್ಯತ್ಯಾಸ ಕಂಡರೆ ಪತ್ರ ಅಸಿಂಧು, ಪರಿಶೀಲಿಸುವ ಹೊಣೆ ಪತ್ರವನ್ನು ಬಳಸುವವರದೇ ಎಂಬುದು ಅದರ ಸಾರ. ಈ ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ. ಒಪ್ಪಂದವನ್ನು ಕನ್ನಡದಲ್ಲೇ ಬರೆಸಿ, ಕನ್ನಡದಲ್ಲೇ ಸಹಿ ಹಾಕಿದ ಮನೆಯ ಯಜಮಾನಿಗೂ ಹೊಣೆ ಹೊರಿಸುವ ಆ ವಾಕ್ಯ ಮಾತ್ರ ಅವರಿಗೆ ಓದಲು ಬಾರದ ಭಾಷೆಯಲ್ಲಿದೆ. ಹೊಣೆ ಹೊರಿಸಿದವರು ಹೊರುವವರಿಗೆ ಅರ್ಥವಾಗುವಂತೆ ಹೇಳಬೇಕಾದದ್ದು ಕನಿಷ್ಠ ನ್ಯಾಯ. ಇಲ್ಲವಾದರೆ ಆ ಎಚ್ಚರಿಕೆ ಉಳಿಸುವುದು ಬರೆದವರನ್ನು ಮಾತ್ರ.

ಎಲ್ಲವನ್ನೂ ಕ್ಯೂಆರ್ ಕೋಡ್ ಮತ್ತು ಜಾಲತಾಣಕ್ಕೆ ಒಪ್ಪಿಸಿದರೆ ವಿಶೇಷ ಟೋನರ್, ವಿಶೇಷ ಕಾಗದ ಏಕೆ ಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ, ಉತ್ತರವೂ ಇದೆ. ಕ್ಯೂಆರ್ ಕೋಡನ್ನು ಯಾರು ಬೇಕಾದರೂ ತಯಾರಿಸಬಹುದು. ನಕಲಿ ಅಂಕಪಟ್ಟಿ ಮಾಡುವವನು ಅದರ ಮೇಲೆ ತನ್ನದೇ ಕೋಡ್ ಅಂಟಿಸಿ, ಅಸಲಿಯಂತೆ ಕಾಣುವ ತನ್ನದೇ ಜಾಲತಾಣಕ್ಕೆ ಕರೆದೊಯ್ಯಬಲ್ಲ. ಹಸಿರು ಬಣ್ಣದ 'ಸರಿ' ಗುರುತು ಕಂಡವನು ವಿಳಾಸ ಓದಲು ಹೋಗುವುದಿಲ್ಲ. ಮೇಲಾಗಿ ಸಂತೆಯಲ್ಲಿ, ಸಿಗ್ನಲ್ ಇಲ್ಲದ ಮಲೆನಾಡಿನ ಊರಿನಲ್ಲಿ, ಸರ್ವರ್ ಡೌನ್ ಆದ ಕಚೇರಿಯಲ್ಲಿ ಕಾಗದ ತನ್ನ ಸಾಕ್ಷಿಯನ್ನು ತಾನೇ ಹೇಳಬೇಕಾಗುತ್ತದೆ. ನೋಟು ಬದುಕಿರುವುದೇ ಹಾಗೆ. ಸರ್ಕಾರ ಇದನ್ನು ಅರಿತೇ ಮೈಸೂರಿನಲ್ಲಿ ನೋಟಿನ ಕಾಗದದ ಗಿರಣಿ ಕಟ್ಟಿತು. 2022ರ ಮಾರ್ಚಿನಲ್ಲಿ ವರ್ಷಕ್ಕೆ 1,500 ಟನ್ ಸಾಮರ್ಥ್ಯದ 'ವರ್ಣಿಕಾ' ಶಾಯಿ ಘಟಕವೂ ಅಲ್ಲೇ ರಾಷ್ಟ್ರಕ್ಕೆ ಅರ್ಪಣೆಯಾಯಿತು. ಬಣ್ಣ ಬದಲಿಸುವ ಶಾಯಿಯೂ ಈಗ ಅಲ್ಲಿ ತಯಾರಾಗುತ್ತದೆ.

ಅದೇ ಮೈಸೂರಿನಲ್ಲಿ ಇನ್ನೊಂದು ಶಾಯಿ ಇದೆ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತ ಬಂದ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ತಯಾರಿಸುವ ಅಳಿಸಲಾಗದ ಶಾಯಿ. ಬೆಳ್ಳಿಯ ಲವಣ ಚರ್ಮದೊಡನೆ ಕೂಡಿ ಬೆಳಕಿಗೆ ಕಪ್ಪಾಗುವ ಸರಳ ರಸಾಯನ ಅದು. ಅದನ್ನು ಪರೀಕ್ಷಿಸಲು ದೀಪ ಬೇಡ, ಯಂತ್ರ ಬೇಡ. ಬೆರಳು ತೋರಿಸಿ ಎಂದರೆ ಸಾಕು. ಪರೀಕ್ಷಿಸುವವರು ಯಾರು, ಎಲ್ಲಿ, ಯಾವಾಗ ಎಂಬುದು ಮೊದಲೇ ತೀರ್ಮಾನವಾಗಿದೆ: ಮತಗಟ್ಟೆಯಲ್ಲಿ, ಪ್ರತಿಯೊಬ್ಬರನ್ನೂ, ಮತ ಹಾಕುವ ಮೊದಲು. ಯಾವುದೇ ಭದ್ರತಾ ಶಾಯಿಗೆ, ಟೋನರ್‌ಗೆ ಹಾಕಬೇಕಾದ ಒರೆಗಲ್ಲು ಇದು.

ಈ ಒರೆಗಲ್ಲಿಗೆ ಹಚ್ಚಿದರೆ ಆಗಬೇಕಾದ ಕೆಲಸಗಳು ತಾವಾಗಿಯೇ ಕಾಣುತ್ತವೆ. ವಿಶ್ವವಿದ್ಯಾಲಯವೋ ಇಲಾಖೆಯೋ ಭದ್ರತಾ ಮುದ್ರಣಕ್ಕೆ ಟೆಂಡರ್ ಕರೆಯುವಾಗ ಪ್ರತಿಯೊಂದು ಲಕ್ಷಣದ ಎದುರಿಗೆ 'ಇದನ್ನು ಪರೀಕ್ಷಿಸುವವರು ಯಾರು, ಯಾವ ಸಾಧನದಿಂದ' ಎಂದು ಬರೆಯುವುದು ಕಡ್ಡಾಯವಾಗಬೇಕು. ಉತ್ತರವಿಲ್ಲದ ಲಕ್ಷಣಕ್ಕೆ ಹಣ ಕೊಡಬಾರದು. ಕಣ್ಣು ಬೆರಳುಗಳಿಂದಲೇ ತಿಳಿಯಬಹುದಾದ ಎರಡು ಮೂರು ಗುರುತುಗಳನ್ನು ಪ್ರತಿ ದಾಖಲೆಯ ಬೆನ್ನಿಗೆ ತಿಳಿಗನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಬೇಕು. ಗುಟ್ಟು ಹೊರಬೀಳುತ್ತದೆ ಎಂಬ ಅಳುಕು ಬೇಡ. ನೋಟಿನ ಗುರುತುಗಳನ್ನು ರಿಸರ್ವ್ ಬ್ಯಾಂಕೇ ಜಾಹೀರಾತು ಕೊಟ್ಟು ಹೇಳುತ್ತದೆ, ತಜ್ಞರ ಪ್ರಯೋಗಾಲಯಕ್ಕೆ ಬೇಕಾದವನ್ನು ಮಾತ್ರ ಗುಟ್ಟಾಗಿಡುತ್ತದೆ. ದಾಖಲೆ ಸ್ವೀಕರಿಸುವ ಕೌಂಟರಿನಲ್ಲಿ ಅತಿನೇರಳೆ ದೀಪ, ಭೂತಗನ್ನಡಿ ಇರಬೇಕು. ಸಾರ್ವಜನಿಕರು ಕೇಳಿದರೆ ಬಿಟ್ಟಿಯಾಗಿ ತೋರಿಸಬೇಕು. ಪರಿಶೀಲನೆಯ ಜಾಲತಾಣದ ವಿಳಾಸ ಎಲ್ಲ ಇಲಾಖೆಗಳಿಗೂ ಒಂದೇ ಆಗಿದ್ದು, ಶಾಲೆಯ ಗೋಡೆಯ ಮೇಲೆ ಬರೆಸುವಷ್ಟು ಚಿಕ್ಕದಾಗಿರಬೇಕು. ಆಗ ನಕಲಿ ಕೋಡ್ ಬೇರೆಡೆಗೆ ಕರೆದೊಯ್ದರೆ ಜನರಿಗೆ ಅನುಮಾನ ಬರುತ್ತದೆ.

ಇವುಗಳಲ್ಲಿ ಮೊದಲು ಆಗಬಹುದಾದದ್ದು, ಖರ್ಚೇ ಇಲ್ಲದ್ದು, ಇ-ಸ್ಟಾಂಪಿನ ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕುವುದು. ಮೂರು ವಾಕ್ಯಗಳ ಅನುವಾದ ಅದು. ಮುದ್ರಾಂಕ ಮತ್ತು ನೋಂದಣಿ ಇಲಾಖೆ ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಕೆಲಸ.